ಕಲ್ಲುಕುಟಿಗ ಓದಿದ ಮೀನುಗಳು

ಸ್ಕಾಟ್ಲೆಂಡಿನ ಈಶಾನ್ಯ ತೀರದಲ್ಲಿ, ಉತ್ತರ ಸಮುದ್ರವು ನೆಲವನ್ನು ಸೀಳಿಕೊಂಡು ಒಳನುಗ್ಗಿರುವ ಒಂದು ಕೊಲ್ಲಿಯ ಬಾಯಲ್ಲಿ ಕ್ರೊಮಾರ್ಟಿ ಎಂಬ ಪುಟ್ಟ ಊರಿದೆ. 1820ರ ಫೆಬ್ರುವರಿಯ ಒಂದು ಬೆಳಿಗ್ಗೆ ಆ ಊರಿನ ಬಳಿಯ ಕಲ್ಲುಗಣಿಗೆ ಹದಿನೇಳು ವರ್ಷದ ಒಬ್ಬ ಹುಡುಗ ಕಲ್ಲುಕೆಲಸ ಕಲಿಯಲೆಂದು ಬಂದು ನಿಂತ. ಬರುವ ಮನಸ್ಸು ಅವನಿಗೆ ಅಷ್ಟಾಗಿ ಇರಲಿಲ್ಲ. ಓದುವ ಹುಚ್ಚು, ಕಾಡುಮೇಡು ಅಲೆಯುವ ಹುಚ್ಚು, ಪದ್ಯ ಕಟ್ಟುವ ಹುಚ್ಚು ಮೂರೂ ಇದ್ದ ಹುಡುಗ. ತಂದೆ ಹಡಗು ನಡೆಸುತ್ತಿದ್ದವನು; ಮಗನಿಗೆ ಐದು ವರ್ಷವಾಗಿದ್ದಾಗ ಹಡಗಿನೊಡನೆಯೇ ಸಮುದ್ರದ ಪಾಲಾದ. ತಾಯಿಯ ಜೊತೆಗೆ ಇಬ್ಬರು ಸೋದರಮಾವಂದಿರು ಹುಡುಗನನ್ನು ಸಾಕಿದರು. ಶಾಲೆಯಲ್ಲಿ ಮೇಷ್ಟರೊಡನೆ ಕೈಕೈ ಮಿಲಾಯಿಸಿ ಓದಿಗೆ ಶರಣು ಹೊಡೆದಾಗಿತ್ತು. ಹುಡುಗನ ಹೆಸರು ಹ್ಯೂ ಮಿಲ್ಲರ್.

ಕೆಲಸಕ್ಕೆ ಸೇರಿದ ಮೊದಲ ದಿನಗಳಲ್ಲೇ ಒಂದು ಸಂಗತಿ ನಡೆಯಿತು. ಸಿಡಿಮದ್ದು ಹಾಕಿ ದೊಡ್ಡದೊಂದು ಬಂಡೆಯನ್ನು ಮೇಲೆತ್ತಿದಾಗ ಅದರ ಅಡಿಯ ಪದರದ ಮೈ ಸಪಾಟಾಗಿರಲಿಲ್ಲ. ಅದರ ತುಂಬ ಸಾಲುಸಾಲಾಗಿ ಸಣ್ಣ ಏರು, ಸಣ್ಣ ತಗ್ಗು. ಸಮುದ್ರ ಇಳಿದ ಹೊತ್ತಿನಲ್ಲಿ ದಡದ ಮರಳ ಮೇಲೆ ಅಲೆ ಬರೆದುಹೋಗುವ ಗೆರೆಗಳನ್ನು ಈ ಹುಡುಗ ನೂರಾರು ಸಲ ನೋಡಿದ್ದ. ಅದೇ ಗೆರೆ, ಅದೇ ಬಳುಕು. ಆದರೆ ಇಲ್ಲಿ ಕಲ್ಲಾಗಿ, ಎತ್ತರದ ಬಂಡೆಯೊಂದರ ಹೊಟ್ಟೆಯೊಳಗೆ. ನೀರಿನ ಗೆರೆ ಬೆಟ್ಟದ ಒಳಗೆ ಹೇಗೆ ಬಂತು? ಉಳಿದ ಕೆಲಸಗಾರರಿಗೆ ಅದು ಕಲ್ಲಿನ ಒಂದು ಗುಣ, ಅಷ್ಟೆ. ಮಿಲ್ಲರನಿಗೆ ಅದು ಪ್ರಶ್ನೆಯಾಯಿತು. ಆ ಪ್ರಶ್ನೆಯೇ ಅವನ ನಿಜವಾದ ಪಾಠಶಾಲೆ ಎನ್ನಬೇಕು. ಮುಂದೆ ಆತ್ಮಕಥೆ ಬರೆದಾಗ ಅದಕ್ಕೆ ಅವನಿಟ್ಟ ಹೆಸರು ‘ನನ್ನ ಶಾಲೆಗಳು, ನನ್ನ ಉಪಾಧ್ಯಾಯರು’. ಅದರಲ್ಲಿ ಗಣಿಗೂ ಕಡಲತೀರಕ್ಕೂ ದೊರೆತಿರುವ ಗೌರವ ಶಾಲೆಯ ಮೇಷ್ಟರಿಗೆ ದೊರೆತಿಲ್ಲ.

ಅವನು ಕೆತ್ತುತ್ತಿದ್ದ ಕಲ್ಲಿಗೆ ಭೂವಿಜ್ಞಾನಿಗಳು ‘ಹಳೆಯ ಕೆಂಪು ಮರಳುಗಲ್ಲು’ ಎಂದು ಹೆಸರಿಟ್ಟಿದ್ದರು. ಕಬ್ಬಿಣದ ಅಂಶದಿಂದ ಕೆಂಪೇರಿದ ಈ ಶಿಲಾಸಮೂಹ ಕಲ್ಲಿದ್ದಲಿನ ಪದರಗಳಿಗಿಂತ ಕೆಳಗಿನದು, ಆದ್ದರಿಂದ ಅವುಗಳಿಗಿಂತ ಹಿರಿಯದು. ಇದರ ಪ್ರಾಚೀನತೆಯ ಅರಿವು ಮನುಷ್ಯನಿಗಾದದ್ದೂ ಸ್ಕಾಟ್ಲೆಂಡಿನಲ್ಲಿಯೇ. 1788ರಲ್ಲಿ ಜೇಮ್ಸ್ ಹಟನ್ ಇಬ್ಬರು ಗೆಳೆಯರೊಡನೆ ದೋಣಿಯಲ್ಲಿ ಹೋಗಿ ಸಿಕರ್ ಪಾಯಿಂಟ್ ಎಂಬಲ್ಲಿ ಒಂದು ಬಂಡೆಯನ್ನು ಕಂಡ. ಕೆಳಗೆ ಬೂದುಬಣ್ಣದ ಶಿಲೆಯ ಪದರಗಳು ಸೆಟೆದು ನಿಂತಿವೆ. ಅವುಗಳ ಕಡಿದ ತುದಿಯ ಮೇಲೆ ಕೆಂಪು ಮರಳುಗಲ್ಲು ಹಾಸಿಗೆಯಂತೆ ಮಲಗಿದೆ. ಕೆಳಗಿನದು ಒಮ್ಮೆ ನೀರಿನಡಿಯಲ್ಲಿ ಮಟ್ಟಸವಾಗಿ ಶೇಖರವಾಗಿ, ಕಲ್ಲಾಗಿ, ಎದ್ದು ನಿಂತು, ಸವೆದು, ಅದರ ಮೇಲೆ ಮತ್ತೊಂದು ಲೋಕದ ಮರಳು ಬಂದು ಕೂರಬೇಕಾದರೆ ಎಷ್ಟು ಕಾಲ ಸಂದಿರಬೇಕು! ಸೃಷ್ಟಿಯಾಗಿ ಆರು ಸಾವಿರ ವರ್ಷ ಎಂಬ ಅಂದಿನ ಲೆಕ್ಕ ಆ ಬಂಡೆಯ ಮುಂದೆ ನಿಲ್ಲುವಂತಿರಲಿಲ್ಲ. ಇಂದಿನ ಎಣಿಕೆಯಂತೆ ಹಳೆಯ ಕೆಂಪು ಮರಳುಗಲ್ಲಿನ ಬಹುಭಾಗ ಡಿವೋನಿಯನ್ ಯುಗಕ್ಕೆ, ಎಂದರೆ ಸುಮಾರು 42 ಕೋಟಿ ವರ್ಷಗಳಿಂದ 36 ಕೋಟಿ ವರ್ಷಗಳ ಹಿಂದಿನ ಅವಧಿಗೆ, ಸೇರಿದ್ದು.

ಇಷ್ಟು ಹಳೆಯ ಕಲ್ಲಿನಲ್ಲಿ ಜೀವದ ಗುರುತು ತೀರ ವಿರಳ ಎಂಬುದು ಮಿಲ್ಲರನ ಯೌವನದ ದಿನಗಳ ಪಂಡಿತರ ನಂಬಿಕೆ. ಆದರೆ 1830ರ ಸುಮಾರಿನಲ್ಲಿ ಕ್ರೊಮಾರ್ಟಿಯ ತೀರದಲ್ಲಿ ಸುಣ್ಣಕಲ್ಲಿನ ಉಂಡೆಗಳು ಅವನ ಕಣ್ಣಿಗೆ ಬಿದ್ದವು. ಕೆಲವು ಚಪ್ಪಟೆಯಾಗಿ, ಕೆಲವು ಮೊಟ್ಟೆಯಾಕಾರವಾಗಿ ಇದ್ದವು. ಎಲ್ಲಿ ಪೆಟ್ಟು ಕೊಟ್ಟರೆ ಕಲ್ಲು ಎಲ್ಲಿ ಬಿರಿಯುತ್ತದೆ ಎಂಬುದು ಕಲ್ಲುಕುಟಿಗನ ಕೈಗೆ ಗೊತ್ತು. ಸುತ್ತಿಗೆಯ ಒಂದು ಹದವಾದ ಪೆಟ್ಟಿಗೆ ಉಂಡೆ ಎರಡು ಹೋಳಾಗಿ ತೆರೆದಾಗ ಒಳಗೆ ಮೀನು ಮಲಗಿತ್ತು. ಮಿರುಗುವ ಹುರುಪೆಗಳು, ಮುಳ್ಳುಗಳಿದ್ದ ಈಜುರೆಕ್ಕೆಗಳು, ತಲೆಗೆ ಎಲುಬಿನ ಫಲಕಗಳು. ಕೊಳೆಯುತ್ತಿದ್ದ ಮೀನಿನ ಸುತ್ತ ಸುಣ್ಣ ಹರಳುಗಟ್ಟಿ ಉಂಡೆಯಾಗಿ ಅದನ್ನು ಕಾಪಾಡಿತ್ತು.

ಅವುಗಳಲ್ಲಿ ಒಂದಂತೂ ವಿಚಿತ್ರಗಳಲ್ಲಿ ವಿಚಿತ್ರ. ಮೈಯೆಲ್ಲ ಎಲುಬಿನ ಪೆಟ್ಟಿಗೆ. ಹಿಂದುಗಡೆ ಹುರುಪೆಯ ಬಾಲ. ಎರಡೂ ಪಕ್ಕದಲ್ಲಿ ಕೀಲುಳ್ಳ ತೋಳುಗಳಂಥ ಎರಡು ಅಂಗ. ಆಮೆಯೆನ್ನಬೇಕೋ, ದೊಡ್ಡದೊಂದು ಜೀರುಂಡೆಯೆನ್ನಬೇಕೋ, ಮೀನೆನ್ನಬೇಕೋ! ಕೇಳಲು ಹತ್ತಿರದಲ್ಲಿ ಬಲ್ಲವರಿಲ್ಲ, ನೋಡಲು ಗ್ರಂಥಗಳಿಲ್ಲ. ಹೆಸರಿಲ್ಲದ ಈ ಪ್ರಾಣಿಗಳನ್ನು ಅವನು ವರ್ಷಗಟ್ಟಲೆ ಒಬ್ಬನೇ ಕೂಡಿಹಾಕಿದ, ಒಬ್ಬನೇ ಚಿತ್ರ ಬರೆದಿಟ್ಟುಕೊಂಡ. ಅಷ್ಟರಲ್ಲಿ ಕಲ್ಲಿನ ದೂಳು ಅವನ ಶ್ವಾಸಕೋಶವನ್ನು ಹಾಳುಮಾಡಿತ್ತು. ಉಳಿ ಸುತ್ತಿಗೆ ಕೆಳಗಿಟ್ಟು 1834ರಲ್ಲಿ ಬ್ಯಾಂಕೊಂದರ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ.

ಇಲ್ಲಿ ನಮ್ಮ ದಕ್ಷಿಣ ದೇಶಕ್ಕೂ ಈ ಕಥೆಗೂ ಒಂದು ನಂಟು ಬೀಳುತ್ತದೆ. ಮಿಲ್ಲರನ ಮೀನುಗಳನ್ನು ಹೊರಲೋಕಕ್ಕೆ ಮುಟ್ಟಿಸಿದವನು ಜಾನ್ ಗ್ರಾಂಟ್ ಮಾಲ್ಕಮ್‌ಸನ್, ಕ್ರೊಮಾರ್ಟಿಗೆ ದೂರವಲ್ಲದ ಫಾರೆಸ್ ಎಂಬ ಊರಿನವನು. ಮದರಾಸು ಪ್ರಾಂತ್ಯದ ವೈದ್ಯ ಸೇವೆಯಲ್ಲಿದ್ದವನು. ದಖನ್ನಿನ ಕರಿಕಲ್ಲಿನ ಪ್ರಸ್ತರಗಳ ನಡುವೆ, ನಿಜಾಮರ ಸೀಮೆಯ ನಿರ್ಮಲ್ ಕಡೆಯ ಗುಡ್ಡಗಳಲ್ಲಿ, ಸಿಹಿನೀರಿನ ಚಿಪ್ಪುಗಳ ಅವಶೇಷಗಳನ್ನು ಗುರುತಿಸಿ ಲಂಡನ್ನಿನ ಭೂವಿಜ್ಞಾನ ಸಂಘದ ಮುಂದೆ ಪ್ರಬಂಧ ಇಟ್ಟವನು ಇವನೇ. ಬಿಜಾಪುರ ಬೆಳಗಾವಿಗಳವರೆಗೆ ಹಬ್ಬಿರುವ ಅದೇ ಕರಿಕಲ್ಲು ಅದು. ರಜೆಯಲ್ಲಿ ಊರಿಗೆ ಬಂದಿದ್ದ ಮಾಲ್ಕಮ್‌ಸನ್ ಕ್ರೊಮಾರ್ಟಿಯ ಬ್ಯಾಂಕು ಗುಮಾಸ್ತನ ಸಂಗ್ರಹವನ್ನು ನೋಡಿ, ಅದರ ಬೆಲೆಯನ್ನು ಕೂಡಲೆ ಅರಿತು, ಚಿತ್ರಗಳನ್ನು ಯೂರೋಪಿನ ವಿದ್ವಾಂಸರ ಬಳಿಗೆ ಕೊಂಡೊಯ್ದ. ನಡುವಯಸ್ಸಿನಲ್ಲೇ, 1844ರಲ್ಲಿ, ಅವನು ಭಾರತದಲ್ಲಿ ತೀರಿಕೊಂಡ.

ಆ ಕಾಲಕ್ಕೆ ಪ್ರಾಚೀನ ಮೀನುಗಳ ವಿಷಯದಲ್ಲಿ ಕಡೆಯ ಮಾತು ಹೇಳಬಲ್ಲವನಿದ್ದರೆ ಅವನು ಸ್ವಿಟ್ಸರ್ಲೆಂಡಿನ ಲೂಯಿ ಅಗಾಸಿ. 1833ರಿಂದ ಹತ್ತು ವರ್ಷ ಬಿಡಿಬಿಡಿಯಾಗಿ ಹೊರಬಂದ ಅವನ ಮೀನುಗಳ ಮಹಾಗ್ರಂಥ ಇಂದಿಗೂ ಆ ಶಾಸ್ತ್ರದ ತಳಹದಿ. 1840ರಲ್ಲಿ ಗ್ಲಾಸ್ಗೋ ನಗರದಲ್ಲಿ ನಡೆದ ಬ್ರಿಟಿಷ್ ವಿಜ್ಞಾನ ಸಮ್ಮೇಳನದಲ್ಲಿ ಅಗಾಸಿ ಆ ತೋಳುಳ್ಳ ಪ್ರಾಣಿ ಮೀನೇ ಎಂದು ನಿರ್ಣಯಿಸಿ, ಟೆರಿಕ್ತಿಸ್, ಎಂದರೆ ರೆಕ್ಕೆಮೀನು, ಎಂದು ಕರೆದು, ಅದರ ಒಂದು ಪ್ರಭೇದಕ್ಕೆ ಮಿಲ್ಲರನ ಹೆಸರನ್ನೇ ಇಟ್ಟ. ಶಾಸ್ತ್ರದ ನಿಯಮಗಳಿಗಾಗಿ ಮುಂದೆ ಅದು ಟೆರಿಕ್ತಿಯೋಡಿಸ್ ಎಂದು ಬದಲಾಯಿತು. ಮಿಲ್ಲರನ ಹೆಸರು ಮಾತ್ರ ಉಳಿದುಕೊಂಡಿತು.

ಅದೇ ವರ್ಷ ಮಿಲ್ಲರ್ ‘ಸಾಕ್ಷಿ’ ಎಂಬ ಅರ್ಥದ ಹೆಸರಿನ ಪತ್ರಿಕೆಯೊಂದರ ಸಂಪಾದಕನಾಗಿ ಎಡಿನ್‌ಬರೋಗೆ ಬಂದಿದ್ದ. ಸ್ಕಾಟ್ಲೆಂಡಿನ ಚರ್ಚು ಒಡೆದು ಎರಡಾಗುವುದರಲ್ಲಿದ್ದ ಕಾಲ. ಪಾದ್ರಿಯನ್ನು ನೇಮಿಸುವ ಹಕ್ಕು ಜಮೀನ್ದಾರನದಲ್ಲ, ಸಭೆಯದು ಎಂಬ ಪಕ್ಷದ ಪತ್ರಿಕೆ ಅದು. ಆ ಧರ್ಮಜಗಳದ ಅಂಕಣಗಳ ನಡುವೆ ಮಿಲ್ಲರ್ ಮೀನುಗಳ ಕಥೆಯನ್ನು ಬರೆಯತೊಡಗಿದ. 1841ರಲ್ಲಿ ಅದು ‘ಹಳೆಯ ಕೆಂಪು ಮರಳುಗಲ್ಲು’ ಎಂಬ ಪುಸ್ತಕವಾಯಿತು. ವಿಜ್ಞಾನದ ಗದ್ಯವೂ ಸಾಹಿತ್ಯವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಹತ್ತೊಂಬತ್ತನೆಯ ಶತಮಾನದಲ್ಲಿ ಹೆಚ್ಚಿಲ್ಲ. ಮೀನಿನ ತಲೆಯ ಫಲಕಗಳ ಬೆಸುಗೆಯನ್ನು ಅವನು ಒಬ್ಬ ಕಸುಬುದಾರ ಇನ್ನೊಬ್ಬನ ಕೆಲಸವನ್ನು ಮೆಚ್ಚುವ ರೀತಿಯಲ್ಲಿ ವರ್ಣಿಸುತ್ತಾನೆ. ಚಾವಣಿಗೆ ಹೆಂಚು ಹೊದಿಸುವವನ, ಬಡಗಿಯ ಮಾತುಗಳಲ್ಲಿ. ಆಕ್ಸ್‌ಫರ್ಡಿನ ಆಚಾರ್ಯ ಬಕ್ಲಂಡ್, ಈ ಮನುಷ್ಯನ ವರ್ಣನಾಶಕ್ತಿಗಾಗಿ ತನ್ನ ಎಡಗೈಯನ್ನು ಕೊಟ್ಟೇನು ಎಂದನಂತೆ.

ಈ ಮೀನುಗಳು ಕಲ್ಲಿನೊಳಗೆ ಸೇರಿದ್ದು ಹೇಗೆ ಎಂಬುದನ್ನು ಈಗ ನೋಡೋಣ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದಿನ ಕಲ್ಲು ಎಲ್ಲರೂ ಕಂಡದ್ದು. ಪದರಪದರವಾಗಿ ಏಳುವ ಕಲ್ಲು. ಆದ್ದರಿಂದಲೇ ಚಪ್ಪಡಿಗೆ ಒದಗುತ್ತದೆ. ಅದರಲ್ಲಿ ಮೀನನ್ನು ಹುಡುಕಿ ಫಲವಿಲ್ಲ. ಅದು ರೂಪುಗೊಂಡಾಗ ಭೂಮಿಯ ಮೇಲೆ ಮೀನೇ ಹುಟ್ಟಿರಲಿಲ್ಲ. ಕ್ರೊಮಾರ್ಟಿಗೆ ಉತ್ತರಕ್ಕಿರುವ ಕೇತ್‌ನೆಸ್ ಸೀಮೆಯಲ್ಲಿಯೂ ಇಂಥದೇ ಚಪ್ಪಡಿಕಲ್ಲು ದೊರೆಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್, ಎಡಿನ್‌ಬರೋ ಮೊದಲಾದ ನಗರಗಳ ಕಾಲುದಾರಿಗಳಿಗೆ ಹಡಗುಗಳಲ್ಲಿ ಹೋದದ್ದು ಅದೇ ಕಲ್ಲು. ಅದು ಸಮುದ್ರದ ಕೆಸರಲ್ಲ, ಒಂದು ಮಹಾಸರೋವರದ ತಳದ ಕೆಸರು ಎಂಬುದು ಈಗ ಸ್ಥಿರಪಟ್ಟಿದೆ.

ಸುಮಾರು 39 ಕೋಟಿ ವರ್ಷಗಳ ಹಿಂದೆ ಸ್ಕಾಟ್ಲೆಂಡಿನ ಈ ನೆಲ ಭೂಮಧ್ಯರೇಖೆಯ ದಕ್ಷಿಣದಲ್ಲಿತ್ತು. ಬಿಸಿಲಿನ, ಅರೆಬರದ ನಾಡು. ಸುತ್ತಲೂ ಆಗಷ್ಟೇ ಎದ್ದು ನಿಂತ ಎತ್ತರದ ಪರ್ವತಗಳು. ಅವುಗಳ ತಪ್ಪಲಿನ ತಗ್ಗಿನಲ್ಲಿ, ಇಂದಿನ ಮೊರೆ ಕೊಲ್ಲಿಯಿಂದ ಆರ್ಕ್ನಿ, ಶೆಟ್ಲೆಂಡ್ ದ್ವೀಪಗಳವರೆಗೆ ಹರಡಿದ್ದ ಆ ಸರೋವರಕ್ಕೆ ಆರ್ಕೇಡಿ ಎಂದು ಹೆಸರಿಟ್ಟಿದ್ದಾರೆ. ಮಳೆ ಹೆಚ್ಚಾದ ಶತಮಾನಗಳಲ್ಲಿ ಅದು ಆಳವಾಗಿ ತುಂಬುತ್ತಿತ್ತು, ಬರದ ಶತಮಾನಗಳಲ್ಲಿ ಬತ್ತಿ ಬಿರಿಯುತ್ತಿತ್ತು. ಬಿರಿದ ಕೆಸರಿನ ಸೀಳುಗಳೂ ಕಲ್ಲಿನಲ್ಲಿ ಹಾಗೆಯೇ ಉಳಿದಿವೆ, ನಮ್ಮ ಬೇಸಗೆಯ ಕೆರೆಯಂಗಳವನ್ನು ನೋಡಿದಂತೆ.

ಸರೋವರ ಅತ್ಯಂತ ಆಳವಾಗಿದ್ದ ಕಾಲದ ದಾಖಲೆ ಕೇತ್‌ನೆಸ್ಸಿನ ಅಖನಾರಸ್ ಎಂಬ ಹಳೆಯ ಗಣಿಯಲ್ಲಿದೆ. ಅಲ್ಲಿ ಮೀನುಗಳಿರುವ ಪ್ರಸ್ತರದ ದಪ್ಪ ಎರಡು ಮೀಟರಿನಷ್ಟು ಮಾತ್ರ. ಆದರೆ ಅದರ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೂದಲೆಳೆಯಂಥ ಪದರಗಳು. ಬೆಚ್ಚನೆಯ ದಿನಗಳಲ್ಲಿ ನೀರಿನಲ್ಲಿ ಪಾಚಿ ಹೆಚ್ಚಿದಾಗ ಸುಣ್ಣದ ಕಣ ಕೆಳಗಿಳಿದು ಒಂದು ತಿಳಿ ಗೆರೆ; ಆ ಪಾಚಿ ಸತ್ತು ಬಿದ್ದಾಗ ಒಂದು ಕಪ್ಪು ಗೆರೆ; ಮಳೆಗಾಲದ ಹೊಳೆ ತಂದ ಹೂಳಿನಿಂದ ಒಂದು ಬೂದು ಗೆರೆ. ಮೂರು ಸೇರಿದರೆ ಒಂದು ವರ್ಷ, ಅರ್ಧ ಮಿಲಿಮೀಟರಿನಷ್ಟು. ಹೀಗೆ ಲೆಕ್ಕ ಹಾಕಿ ಅಬರ್ಡೀನ್ ವಿಶ್ವವಿದ್ಯಾನಿಲಯದ ನೈಜೆಲ್ ಟ್ರೆವಿನ್ ಆ ಪ್ರಸ್ತರ ಸುಮಾರು ನಾಲ್ಕು ಸಾವಿರ ವರ್ಷಗಳ ಸಂಚಯವೆಂದು ಅಂದಾಜು ಮಾಡಿದ. ನಾಲ್ಕು ಸಾವಿರ ಸಂವತ್ಸರಗಳು ಒಬ್ಬ ಆಳಿನ ಎತ್ತರದಲ್ಲಿ! ಸರೋವರದ ತಳದ ನೀರಿನಲ್ಲಿ ಪ್ರಾಣವಾಯು ಇರಲಿಲ್ಲ. ಹೆಣ ತಿನ್ನುವ ಹುಳುವಿಗೂ ಅಲ್ಲಿ ಬದುಕಿಲ್ಲ. ಮೇಲಿನ ನೀರಿನಲ್ಲಿ ಪಾಚಿ ವಿಪರೀತವಾಗಿ ಬೆಳೆದು ಕೊಳೆತು ಉಸಿರು ಕಟ್ಟಿದಾಗ ಮೀನುಗಳು ಹಿಂಡುಹಿಂಡಾಗಿ ಸತ್ತು, ತೇಲಿ, ಮುಳುಗಿ, ಆ ನಿಶ್ಚಲ ತಳದಲ್ಲಿ ಯಾರ ಬಾಯಿಗೂ ಬೀಳದೆ ಹೂತುಹೋದವು. ತನ್ನ ರೆಕ್ಕೆಮೀನುಗಳೆಲ್ಲ ಭಯದಲ್ಲಿ ತೋಳು ಸೆಟೆಸಿಕೊಂಡು ಸತ್ತಂತಿವೆ, ಇದು ಒಂದೆರಡರ ಸಾವಲ್ಲ, ಒಂದು ಸೀಮೆಯ ಸಾವು ಎಂದು ಮಿಲ್ಲರ್ ಊಹಿಸಿದ್ದ. ಭಯದ ಮಾತು ಕವಿಯದು. ಸಾಮೂಹಿಕ ಮರಣದ ಮಾತು ನಿಜವೇ ಆಯಿತು.

ಕೇತ್‌ನೆಸ್ಸಿನ ಥರ್ಸೊ ಪಟ್ಟಣದಲ್ಲಿ ರಾಬರ್ಟ್ ಡಿಕ್ ಎಂಬ ರೊಟ್ಟಿ ಸುಡುವವನಿದ್ದ. ಮಿಲ್ಲರನ ಪುಸ್ತಕ ಓದಿ ಅವನಿಗೂ ಮೀನಿನ ಗೀಳು ಹಿಡಿಯಿತು. ನಸುಕಿನಲ್ಲಿ ರೊಟ್ಟಿ ಬೇಯಿಸಿಟ್ಟು, ಸುತ್ತಿಗೆ ಉಳಿ ಜೇಬಿಗೆ ಹಾಕಿಕೊಂಡು, ತೀರದುದ್ದಕ್ಕೆ ಹತ್ತಾರು ಮೈಲಿ ನಡೆದುಬರುತ್ತಿದ್ದ. ಸಿಕ್ಕಿದ್ದನ್ನೆಲ್ಲ ಮಿಲ್ಲರನಿಗೆ ಕಳಿಸಿಕೊಟ್ಟ. ತಾನು ಏನನ್ನೂ ಪ್ರಕಟಿಸಲಿಲ್ಲ. ಒಮ್ಮೆ ಸರ್ ರಾಡ್ರಿಕ್ ಮರ್ಚಿಸನ್, ಬ್ರಿಟನ್ನಿನ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥ, ಈ ರೊಟ್ಟಿ ಅಂಗಡಿಗೆ ಬಂದ. ಡಿಕ್ ಹಿಟ್ಟು ನಾದುವ ಹಲಗೆಯ ಮೇಲೆ ಹಿಟ್ಟು ಹರಡಿ, ಬೆರಳಿನಿಂದ ಕೇತ್‌ನೆಸ್ಸಿನ ಬೆಟ್ಟ, ಕಣಿವೆ, ಶಿಲೆಗಳ ಮಡಿಕೆ, ಬಿರುಕು ಎಲ್ಲವನ್ನೂ ತಿದ್ದಿ ತೋರಿಸಿ, ಅಚ್ಚಾದ ನಕ್ಷೆಯ ತಪ್ಪುಗಳನ್ನು ಎತ್ತಿಹೇಳಿದನಂತೆ. 1858ರಲ್ಲಿ ಲೀಡ್ಸ್ ನಗರದ ಸಮ್ಮೇಳನದಲ್ಲಿ ಮರ್ಚಿಸನ್ನನೇ ಇದನ್ನು ಹೇಳಿದ. ಸಭೆ ಮೆಚ್ಚಿತು. ಆದರೆ ಆ ಮೆಚ್ಚಿಕೆಯಿಂದ ರೊಟ್ಟಿ ಅಂಗಡಿಗೆ ಹೆಚ್ಚಿನ ಗಿರಾಕಿಗಳೇನೂ ಬರಲಿಲ್ಲ.

ಈ ನಡುವೆ 1844ರಲ್ಲಿ, ಕರ್ತೃವಿನ ಹೆಸರಿಲ್ಲದೆ, ‘ಸೃಷ್ಟಿಯ ನೈಸರ್ಗಿಕ ಇತಿಹಾಸದ ಕುರುಹುಗಳು’ ಎಂಬ ಪುಸ್ತಕ ಹೊರಬಂದು ದೊಡ್ಡ ಗದ್ದಲವೆಬ್ಬಿಸಿತ್ತು. ಬರೆದವನು ಎಡಿನ್‌ಬರೋದ ಪ್ರಕಾಶಕ ರಾಬರ್ಟ್ ಚೇಂಬರ್ಸ್ ಎಂದು ಬಹಿರಂಗವಾಗಿ ಗೊತ್ತಾದದ್ದು ನಾಲ್ವತ್ತು ವರ್ಷಗಳ ಮೇಲೆ. ಒಂದು ಜೀವಜಾತಿಯಿಂದ ಇನ್ನೊಂದು ಮೇಲುಮೇಲಕ್ಕೆ ಬೆಳೆದುಬಂತು ಎಂಬುದು ಅದರ ವಾದ. ಮಿಲ್ಲರನಿಗೆ ಇದು ಸಹಿಸದಾಯಿತು. ಅವನು ಭೂಮಿಯ ಪ್ರಾಚೀನತೆಯನ್ನು ಅಲ್ಲಗಳೆದ ಮೂಢನಲ್ಲ. ಬೈಬಲಿನ ಆರು ದಿನಗಳೆಂದರೆ ಆರು ಯುಗಗಳೆಂದು ಅರ್ಥ ಮಾಡಿದವನು. ಆದರೆ ಮನುಷ್ಯ ಮೃಗದಿಂದ ಬಂದವನಾದರೆ ಅವನ ಆತ್ಮದ ಗತಿಯೇನು ಎಂಬುದು ಅವನ ಸಂಕಟ. 1849ರಲ್ಲಿ ಅವನು ಉತ್ತರ ಬರೆದ. ಉತ್ತರಕ್ಕೆ ಸಾಕ್ಷಿಯಾಗಿ ನಿಲ್ಲಿಸಿದ್ದು ಆರ್ಕ್ನಿಯ ಸ್ಟ್ರಾಮ್ನೆಸ್ ಬಳಿ ತನಗೆ ಸಿಕ್ಕಿದ ಭಾರಿ ಕವಚಮೀನಿನ ಎಲುಬನ್ನು, ಅದರ ಜೊತೆಗೆ ಡಿಕ್ ಕಳಿಸಿದ ಫಲಕಗಳನ್ನು. ಮೊದಲ ಮೀನುಗಳು ಕ್ಷುದ್ರವಾಗಿರಬೇಕು ಎನ್ನುತ್ತೀರಿ. ನೋಡಿ, ಇಷ್ಟು ಹಿಂದಿನ ಪದರದಲ್ಲಿ ಇಷ್ಟು ದೊಡ್ಡದಾದ, ಇಷ್ಟು ಪೂರ್ಣವಾದ ಮೀನು ಇದೆಯಲ್ಲ, ಎಂಬುದು ಅವನ ತರ್ಕದ ತಿರುಳು.

ಹಸ್ತಪ್ರತಿಗಳ ಪರಿಚಯವುಳ್ಳವರಿಗೆ ಈ ತರ್ಕದ ದೋಷ ಕೂಡಲೆ ಹೊಳೆಯುತ್ತದೆ. ತಾಳೆಗರಿಯ ಕಟ್ಟೊಂದು ದೊರೆಯಿತೆನ್ನಿ. ಮೊದಲ ಗರಿಯಲ್ಲೇ ನಾಯಕ ಯುದ್ಧಭೂಮಿಯಲ್ಲಿದ್ದಾನೆ. ಅನುಭವಿಯಾದ ಸಂಪಾದಕ ‘ಇಲ್ಲಿ ಗ್ರಂಥಪಾತವಾಗಿದೆ’ ಎಂದು ಟಿಪ್ಪಣಿ ಹಾಕುತ್ತಾನೆಯೇ ಹೊರತು ಕವಿ ಕಾವ್ಯವನ್ನು ಇಲ್ಲಿಂದಲೇ ಆರಂಭಿಸಿದ ಎನ್ನುವುದಿಲ್ಲ. ಮಿಲ್ಲರ್ ತನಗೆ ಸಿಕ್ಕಿದ ಮೊದಲ ಗರಿಯನ್ನೇ ಕಾವ್ಯದ ಮೊದಲ ಪದ್ಯವೆಂದುಕೊಂಡ. ಹತ್ತು ವರ್ಷಗಳ ಮೇಲೆ, 1859ರಲ್ಲಿ, ಡಾರ್ವಿನ್ ತನ್ನ ಗ್ರಂಥದಲ್ಲಿ ಒಂದು ಇಡೀ ಅಧ್ಯಾಯವನ್ನು ಶಿಲಾದಾಖಲೆಯ ಅಪೂರ್ಣತೆಗೆಂದೇ ಮೀಸಲಿಟ್ಟ. ಕಳೆದ ಗರಿಗಳು ಸಿಕ್ಕಿದ್ದು ಇನ್ನೂ ಎಷ್ಟೋ ಕಾಲದ ಮೇಲೆ: 1999ರಲ್ಲಿ ಚೀನಾದ ಚೆಂಗ್‌ಜಿಯಾಂಗ್ ಪ್ರದೇಶದ ಸುಮಾರು 52 ಕೋಟಿ ವರ್ಷ ಹಳೆಯ ಪದರಗಳಿಂದ ಪುಟ್ಟ, ದವಡೆಯಿಲ್ಲದ, ಎಲುಬಿಲ್ಲದ ಮೀನಿನಂಥ ಜೀವಿಗಳು ವರದಿಯಾದವು. ಮಿಲ್ಲರನ ದೈತ್ಯಮೀನಿಗಿಂತ 13 ಕೋಟಿ ವರ್ಷ ಹಿಂದಿನವು. ಅಷ್ಟೇ ಅಲ್ಲ, ಕ್ರೊಮಾರ್ಟಿಯ ಉಂಡೆಗಳಲ್ಲಿ ಅವನೇ ಕಂಡ ಆಸ್ಟಿಯೋಲೆಪಿಸ್ ಎಂಬ ಮಾಂಸಲ ರೆಕ್ಕೆಯ ಮೀನು, ನೀರು ಬಿಟ್ಟು ನೆಲಕ್ಕೆ ಕಾಲಿಟ್ಟ ಪ್ರಾಣಿಗಳ ಹತ್ತಿರದ ಬಳಗದ್ದೆಂದು ಇಂದು ಎಣಿಕೆಯಾಗಿದೆ. ಅವನ ಮೀನು ಅವನ ಎದುರುಪಕ್ಷದ ಸಾಕ್ಷಿಯಾಯಿತು.

ಹಾಗೆಂದು ಮಿಲ್ಲರನನ್ನು ತಳ್ಳಿಹಾಕುವುದು ನನಗೆ ಸರಿಯೆನಿಸುವುದಿಲ್ಲ. ಮಹಾಪಂಡಿತ ಅಗಾಸಿಯೂ 1873ರಲ್ಲಿ ಸಾಯುವವರೆಗೆ ಡಾರ್ವಿನ್ನನನ್ನು ಒಪ್ಪಲಿಲ್ಲ. ಮಿಲ್ಲರ್ ಬರೆದ ವರ್ಣನೆಗಳು ಅವನ ಸಿದ್ಧಾಂತಕ್ಕಾಗಿ ಬಾಗಿದವಲ್ಲ. ಇದ್ದದ್ದನ್ನು ಇದ್ದಂತೆ ಬರೆದಿದ್ದರಿಂದಲೇ ಅವು ಅವನ ಸಿದ್ಧಾಂತದ ವಿರುದ್ಧವೂ ಬಳಕೆಗೆ ಬಂದವು. ಇದು ಸಾಮಾನ್ಯವಾದ ಪ್ರಾಮಾಣಿಕತೆಯಲ್ಲ.

ಕಡೆಯ ವರ್ಷಗಳಲ್ಲಿ ಅವನ ಆರೋಗ್ಯ ಕೆಟ್ಟಿತು. ಹಳೆಯ ಎದೆರೋಗದ ಜೊತೆಗೆ ತಲೆನೋವು, ಭೀಕರ ಸ್ವಪ್ನಗಳು. ‘ಶಿಲೆಗಳ ಸಾಕ್ಷ್ಯ’ ಎಂಬ ಕಡೆಯ ಪುಸ್ತಕವನ್ನು ಅಚ್ಚಿಗೆ ಸಿದ್ಧಪಡಿಸಿ ಮುಗಿಸುತ್ತಿದ್ದಂತೆ, 1856ರ ಡಿಸೆಂಬರ್ 23ರ ರಾತ್ರಿ ಕಳೆದು 24ರ ಬೆಳಗಾಗುವುದರೊಳಗೆ, ಎಡಿನ್‌ಬರೋ ಬಳಿಯ ಪೋರ್ಟೊಬೆಲ್ಲೊದ ಮನೆಯಲ್ಲಿ ತನ್ನ ಪಿಸ್ತೂಲಿನಿಂದ ಪ್ರಾಣ ಕಳೆದುಕೊಂಡ. ಶಿಲೆಗೂ ಶ್ರದ್ಧೆಗೂ ನಡುವೆ ಸಿಕ್ಕಿ ನುಜ್ಜಾದನೆಂದು ಬರೆದವರಿದ್ದಾರೆ. ಕಥೆಗೆ ಅದು ಒಪ್ಪುತ್ತದೆ. ಆದರೆ ದೇಹವನ್ನು ಪರೀಕ್ಷಿಸಿದ ವೈದ್ಯರು ಹೇಳಿದ್ದು ಮಿದುಳಿನ ರೋಗವೆಂದು. ಮಡದಿ ಲಿಡಿಯಾ ಉಳಿದ ಬರವಣಿಗೆಗಳನ್ನು ಶ್ರಮಪಟ್ಟು ಪ್ರಕಟಿಸಿದಳು. ಅವನ ಸಂಗ್ರಹ ಎಡಿನ್‌ಬರೋದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೇರಿತು.

ಥರ್ಸೊದ ಡಿಕ್‌ನ ಬಾಳು ಇನ್ನೂ ಕಷ್ಟದ್ದು. ಹಿಟ್ಟು ತರುತ್ತಿದ್ದ ಹಡಗು ಮುಳುಗಿ ಸಾಲ ಮೈಮೇಲೆ ಬಂದಾಗ, ಕೂಡಿಟ್ಟ ಮೀನುಗಳನ್ನು ಮಾರಿ ತೀರಿಸಿದ. ಮಿಲ್ಲರ್ ಸತ್ತ ಹತ್ತು ವರ್ಷಕ್ಕೆ ಸರಿಯಾಗಿ, 1866ರ ಡಿಸೆಂಬರ್ 24ರಂದು, ಅವನೂ ತೀರಿಕೊಂಡ. ಅವನ ಹೆಸರು ಹೊತ್ತ ಪುಟ್ಟ ಕವಚಮೀನೊಂದಿದೆ, ಮೈಕ್ರೊಬ್ರೇಕಿಯಸ್ ಡಿಕ್ಕಿ. ಎಂಟು ಸೆಂಟಿಮೀಟರಿನಷ್ಟು ಉದ್ದ, ಮಿಲ್ಲರನ ರೆಕ್ಕೆಮೀನಿನ ದಾಯಾದಿ. ಅದಕ್ಕೂ ಎರಡು ಸಣ್ಣ ತೋಳುಗಳುಂಟು. ಈಜುವುದಕ್ಕೆ ಸಾಲದ ಆ ತೋಳುಗಳು ಏತಕ್ಕೆಂಬುದು ನೂರು ವರ್ಷಕ್ಕೂ ಮಿಕ್ಕಿ ಒಗಟಾಗಿಯೇ ಇತ್ತು. 2014ರಲ್ಲಿ ಆಸ್ಟ್ರೇಲಿಯದ ಜಾನ್ ಲಾಂಗ್ ಮತ್ತು ಸಂಗಡಿಗರು ಉತ್ತರ ಸೂಚಿಸಿದರು. ಗಂಡು ಮೀನಿನ ಕವಚದ ಹಿಂದೆ ಎಲುಬಿನ ಕೊಂಡಿಗಳಿದ್ದವು, ಹೆಣ್ಣಿನಲ್ಲಿ ಅದಕ್ಕೆ ಹೊಂದುವ ಫಲಕಗಳಿದ್ದವು. ಅಕ್ಕಪಕ್ಕ ನಿಂತು ತೋಳಿಗೆ ತೋಳು ಕೋದು ಅವು ಕೂಡುತ್ತಿದ್ದವು. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ದೇಹದೊಳಗೆ ಗರ್ಭಾಂಕುರವಾಗುವ ಕ್ರಮಕ್ಕೆ ಈವರೆಗೆ ದೊರೆತಿರುವ ಅತಿ ಹಳೆಯ ಪುರಾವೆಗಳಲ್ಲಿ ಅದು ಒಂದು. ಭಯದಿಂದ ಸೆಟೆದವೆಂದು ಕ್ರೊಮಾರ್ಟಿಯ ಕಲ್ಲುಕುಟಿಗ ಭಾವಿಸಿದ್ದ ತೋಳುಗಳಂಥವೇ ಅವು.